ಹೆಸರು ತಿಳಿಯದ ಒಣಮೆಣಸಿನಕಾಯಿಯನ್ನು ಗುರುತಿಸುವ ಬಗೆ

ಊರಿನ ನೆಂಟರು ತಂದುಕೊಡುವ ಚೀಲದ ಮೇಲಾಗಲೀ, ಟಿ. ನಗರದ ದಿನಸಿ ಅಂಗಡಿಗಳಲ್ಲಿ ಬಿಡಿಯಾಗಿ ತೂಗಿ ಕಟ್ಟಿಕೊಡುವ ಪೊಟ್ಟಣದ ಮೇಲಾಗಲೀ ಮೆಣಸಿನಕಾಯಿಯ ತಳಿಯ ಹೆಸರು ಬರೆದಿರುವುದು ಅಪರೂಪ. ಇದೇನು ದೊಡ್ಡ ವಿಷಯವೆಂದು ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಸಾರಿನ ಪುಡಿ, ಹುಳಿಪುಡಿ, ಬಿಸಿಬೇಳೆ ಬಾತಿನ ಪುಡಿಗಳ ಅಳತೆ ಬ್ಯಾಡಗಿ ಮೆಣಸಿನಕಾಯಿಯನ್ನೇ ಲೆಕ್ಕಕ್ಕೆ ಹಿಡಿದು ರೂಢಿಗೆ ಬಂದದ್ದು. ಅದೇ ಅಳತೆಗೆ ಗುಂಟೂರಿನ ಕಾಯಿ ಬಿದ್ದರೆ ಸಾರನ್ನು ಬಾಯಿಗಿಡಲಾಗದು. ಖಾರಕ್ಕೆ ಅಂಜಿ ಕಾಯಿಯ ಸಂಖ್ಯೆ ಇಳಿಸಿದರೆ ಬಣ್ಣವೂ ಪರಿಮಳವೂ ಇಳಿದುಹೋಗುತ್ತವೆ. ಆದುದರಿಂದ ಕೈಯಲ್ಲಿರುವ ಕಾಯಿ ಯಾವುದೆಂದು ಅರಿಯುವುದು ವರ್ಷದ ಪುಡಿ ಮಾಡಿಡುವ ಗೃಹಸ್ಥರಿಗೆ ಅಗತ್ಯವಾದ ತಿಳಿವಳಿಕೆ.

ಮೊದಲ ತೊಡಕು ಹೆಸರುಗಳದ್ದು. ಹಳೇ ಮೈಸೂರು ಕಡೆಯವರಿಗೆ ಮೆಣಸು ಎಂದರೆ ಕರಿಮೆಣಸು. ಕರಾವಳಿಯವರು ಒಣಮೆಣಸಿನಕಾಯಿಗೇ ಮೆಣಸು ಎಂದು, ಕರಿಮೆಣಸಿಗೆ ಒಳ್ಳೆಮೆಣಸು ಎನ್ನುತ್ತಾರೆ. ಈ ಊರಿನ ತಮಿಳಿನಲ್ಲಿ ಮಿಳಗು ಕರಿಮೆಣಸಾದರೆ ಮಿಳಗಾಯ್ ಮೆಣಸಿನಕಾಯಿ. ಇಲ್ಲಿನ ಅಂಗಡಿಯವರು ಸಾಮಾನ್ಯವಾಗಿ ಉದ್ದನೆಯದನ್ನು ನೀಳ ಮಿಳಗಾಯ್ ಎಂದೂ ದುಂಡನೆಯದನ್ನು ಗುಂಡು ಮಿಳಗಾಯ್ ಎಂದೂ ಎರಡೇ ಪಂಗಡ ಮಾಡಿ ಮಾರುತ್ತಾರೆ. ನೀಳ ಎಂಬ ಒಂದು ಹೆಸರಿನಡಿ ನಾಲ್ಕಾರು ತಳಿಗಳು ಅಡಗಿರುತ್ತವೆ. ಕಾಶ್ಮೀರಿ ಎಂಬ ಹೆಸರಂತೂ ತಳಿಗಿಂತ ಹೆಚ್ಚಾಗಿ ಬಣ್ಣದ ಹೆಸರಾಗಿಬಿಟ್ಟಿದೆ. ಕಾಶ್ಮೀರದಲ್ಲಿ ಬೆಳೆಯುವ ಪ್ರಮಾಣ ಅಲ್ಪ. ದೇಶದ ಅಂಗಡಿಗಳಲ್ಲಿ ಆ ಹೆಸರಿನಿಂದ ಮಾರಾಟವಾಗುವುದರಲ್ಲಿ ಬಹುಪಾಲು ಬ್ಯಾಡಗಿ ಜಾತಿಯ ಕಾಯಿಯೇ.

ಗುರುತಿಸಲು ಹೊರಡುವ ಮುನ್ನ ಕಾಯಿಗಳನ್ನು ಒಂದು ದಿನ ಬಿಸಿಲಿಗೆ ಹಾಕಬೇಕು. ಚೆನ್ನೈನ ಕಡಲಗಾಳಿಗೆ, ಅದರಲ್ಲೂ ಐಪ್ಪಸಿ, ಕಾರ್ತಿಕ ಮಾಸಗಳ ಮಳೆಯಲ್ಲಿ, ಎಂಥ ಕಾಯಿಯೂ ಮೆತ್ತಗಾಗಿ ಸುಕ್ಕು ಬಿಚ್ಚಿಕೊಂಡು ಬೇರೆಯದೇ ಜಾತಿಯಂತೆ ಕಾಣುತ್ತದೆ. ಬಳಿಕ ಹಗಲು ಬೆಳಕಿನಲ್ಲಿ ಬಿಳಿಯ ಕಾಗದದ ಮೇಲೆ ಹತ್ತಿಪ್ಪತ್ತು ಕಾಯಿಗಳನ್ನು ಹರಡಿ ನೋಡಬೇಕು. ಒಂದೇ ಕಾಯಿಯನ್ನು ನೋಡಿ ತೀರ್ಮಾನಿಸಬಾರದು. ಬ್ಯಾಂಕಿನಲ್ಲಿ ಸಹಿಯನ್ನು ತಾಳೆ ನೋಡುವಾಗ ಒಂದು ಅಕ್ಷರ ಹೊಂದಿದ ಮಾತ್ರಕ್ಕೆ ಹಣ ಕೊಡುವುದಿಲ್ಲವಷ್ಟೆ. ಇಲ್ಲಿಯೂ ಹಾಗೆಯೇ, ಹಲವು ಲಕ್ಷಣಗಳು ಒಟ್ಟಿಗೆ ಹೊಂದಬೇಕು.

ಆಕಾರದಿಂದ ಆರಂಭಿಸೋಣ. ದುಂಡಗೆ, ಸಣ್ಣ ಗೋಲಿಯಂತಿದ್ದು, ಸಿಪ್ಪೆ ದಪ್ಪವಾಗಿ ಹೊಳೆಯುತ್ತ, ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಬೀಜ ಸದ್ದು ಮಾಡಿದರೆ ಅದು ರಾಮನಾಥಪುರದ ಕಡೆಯ ಮುಂಡು ಮೆಣಸಿನಕಾಯಿ. 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಇದನ್ನು ಬೇರೊಂದೆಂದು ಭ್ರಮಿಸುವ ಸಂಭವ ಕಡಿಮೆ. ತೊಂದರೆ ಇರುವುದೆಲ್ಲ ಉದ್ದ ಕಾಯಿಗಳಲ್ಲಿ.

ಉದ್ದ ಕಾಯಿಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಸಿಪ್ಪೆಯ ಸುಕ್ಕು. ಸಿಪ್ಪೆ ನಯವಾಗಿ, ದಪ್ಪವಾಗಿ, ಕಾಯಿ ನೇರವಾಗಿದ್ದು, ಮುರಿದಾಗ ಬೀಜ ಹೇರಳವಾಗಿ ಉದುರಿದರೆ ಅದು ಬಹುಮಟ್ಟಿಗೆ ಗುಂಟೂರಿನ ಸಣ್ಣಂ. ಹೆಸರು ಕೇಳಿ ಕಾಯಿ ಚಿಕ್ಕದಿರಬೇಕೆಂದು ಭಾವಿಸಬಾರದು. ತೆಲುಗಿನಲ್ಲಿ ಸನ್ನಂ ಎಂದರೆ ತೆಳ್ಳಗಿನದು ಎಂದರ್ಥ. ಅದಕ್ಕಿಂತ ಚಿಕ್ಕದಾಗಿ, ತುದಿ ಚೂಪಾಗಿ, ಮುರಿದ ಕೂಡಲೇ ಮೂಗಿಗೆ ಘಾಟು ಏರಿದರೆ ತೇಜ ತಳಿಯೆಂದು ಊಹಿಸಬಹುದು. ಸಿಪ್ಪೆ ತೆಳುವಾಗಿ, ಉದ್ದಕ್ಕೂ ನೆರಿಗೆ ಹಿಡಿದಂತೆ ಸುಕ್ಕುಗಟ್ಟಿ, ಬಣ್ಣ ಕಡುಗೆಂಪಾಗಿದ್ದರೆ ಬ್ಯಾಡಗಿಯ ಕಡೆಗೆ ಗಮನ ಹರಿಸಬೇಕು. ಕೊಲ್ಹಾಪುರದ ಸುತ್ತ ಬೆಳೆಯುವ, ನಮ್ಮ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹೆಸರು ಹೊತ್ತ ಸಂಕೇಶ್ವರಿ ಕಾಯಿಯೂ ಇದೇ ರೀತಿ ಸಪೂರವಾಗಿ ಸುಕ್ಕಾಗಿರುತ್ತದೆ, ಆದರೆ ನಾಲಿಗೆಗೆ ಅದು ಹೆಚ್ಚು ಖಾರ.

ಬ್ಯಾಡಗಿಯಲ್ಲೇ ಎರಡು ಬಗೆ. ಕಡ್ಡಿ ಎಂಬುದು ಉದ್ದವಾಗಿ ಸಣಕಲಾಗಿರುತ್ತದೆ, ಬೀಜ ಕಡಿಮೆ, ಖಾರವೂ ಕಡಿಮೆ. ಡಬ್ಬಿ ಎಂಬುದು ಗಿಡ್ಡವಾಗಿ ಉಬ್ಬಿಕೊಂಡಿರುತ್ತದೆ, ಬೀಜ ಹೆಚ್ಚು, ಬಣ್ಣ ಮತ್ತು ಪರಿಮಳಕ್ಕೆ ಹೆಸರುವಾಸಿ. ಧಾರವಾಡ, ಹಾವೇರಿ, ಗದಗ ಜಿಲ್ಲೆಗಳ ಕಪ್ಪು ನೆಲ ಇವುಗಳ ತವರು. ವ್ಯಾಪಾರ ನಡೆಯುವುದು ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯಲ್ಲಾದ್ದರಿಂದ ಆ ಹೆಸರು ನಿಂತಿತು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆ ಲಭಿಸಿತು. ಇದರಿಂದ ತೆಗೆಯುವ ಕೆಂಪು ಸತ್ವ ಆಹಾರದ ಬಣ್ಣವಾಗಿ ಮಾತ್ರವಲ್ಲದೆ ತುಟಿಯ ಬಣ್ಣದ ತಯಾರಿಕೆಗೂ ಹೋಗುತ್ತದೆ.

ಆದರೆ ಬ್ಯಾಡಗಿ ಪೇಟೆಯಿಂದ ಬಂದದ್ದೆಲ್ಲ ನಾಟಿ ಬ್ಯಾಡಗಿಯಲ್ಲ. ಬಳ್ಳಾರಿ ಹಾಗೂ ಆಂಧ್ರದ ನೀರಾವರಿ ಹೊಲಗಳಲ್ಲಿ ಬೆಳೆದ ಸಂಕರ ತಳಿಗಳೂ ಅಲ್ಲಿಗೇ ಬರುತ್ತವೆ. ವ್ಯಾಪಾರಿಗಳ ಬಾಯಲ್ಲಿ 2043, 5531 ಎಂಬ ಸಂಖ್ಯೆಗಳಿಂದ ಕರೆಯಲ್ಪಡುವುವು ಇವೇ. ಇವುಗಳಲ್ಲಿ 2043 ನೋಟಕ್ಕೆ ಬ್ಯಾಡಗಿಯನ್ನು ಬಹಳ ಹೋಲುತ್ತದೆ, ಕೆಂಪೂ ಸೊಗಸಾಗಿರುತ್ತದೆ. ನಾಟಿ ಕಾಯಿಯ ರಾಶಿಯಲ್ಲಿ ಉದ್ದ, ಡೊಂಕು, ಸುಕ್ಕು ಒಂದೊಂದರಲ್ಲಿ ಒಂದೊಂದು ಬಗೆ. ಸಂಕರದ ರಾಶಿ ಒಂದೇ ಅಚ್ಚಿನಲ್ಲಿ ಎರೆದಂತೆ ಇರುತ್ತದೆ. ಇದೂ ಅನುಮಾನಕ್ಕೆ ಆಧಾರವೇ ಹೊರತು ಪ್ರಮಾಣವಲ್ಲ. ಈ ಪೇಟೆಯ ದರದ ಮೇಲೆ ಎಷ್ಟು ಕುಟುಂಬಗಳ ಬದುಕು ನಿಂತಿದೆಯೆಂಬುದು 2024ರ ಮಾರ್ಚ್ ತಿಂಗಳಲ್ಲಿ ಬೆಲೆ ಕುಸಿದು ರೈತರ ಆಕ್ರೋಶ ಭುಗಿಲೆದ್ದು, ಮಾರುಕಟ್ಟೆ ಪ್ರಾಂಗಣದಲ್ಲಿ ವಾಹನಗಳಿಗೆ ಬೆಂಕಿ ಬಿದ್ದಾಗ ಎಲ್ಲರಿಗೂ ತಿಳಿಯಿತು.

ಕಣ್ಣಿನ ಪರೀಕ್ಷೆ ಮುಗಿದ ಮೇಲೆ ಮೂಗು ಮತ್ತು ನಾಲಿಗೆಯ ಪರೀಕ್ಷೆ. ಎರಡು ಕಾಯಿಗಳನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಹುರಿದರೆ ಬ್ಯಾಡಗಿ ಸಿಹಿ ಬೆರೆತ ಹಿತವಾದ ವಾಸನೆ ಕೊಡುತ್ತದೆ. ಗುಂಟೂರಿನದು ಮನೆಮಂದಿಯನ್ನೆಲ್ಲ ಕೆಮ್ಮಿಸುತ್ತದೆ. ಖಾರವಿರುವುದು ಬೀಜದಲ್ಲೆಂದು ನಮ್ಮಲ್ಲಿ ಹಲವರ ನಂಬಿಕೆ. ವಾಸ್ತವವಾಗಿ ಖಾರದ ಅಂಶವಾದ ಕ್ಯಾಪ್ಸೈಸಿನ್ ಹೆಚ್ಚಾಗಿ ಉತ್ಪತ್ತಿಯಾಗುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಆದ್ದರಿಂದ ಆ ತಿರುಳಿನ ಸಾಸಿವೆಯಷ್ಟು ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಬೇಕು. ಉರಿದರೆ ನೀರು ಕುಡಿದು ಪ್ರಯೋಜನವಿಲ್ಲ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಮೊಸರು ಒಳ್ಳೆಯದು. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ವಿಜ್ಞಾನಿ ರೂಪಿಸಿದ ಮಾನದಲ್ಲಿ ಗುಂಟೂರು ಸಣ್ಣಂನ ಖಾರವನ್ನು ಸಾಮಾನ್ಯವಾಗಿ 35,000ದಿಂದ 40,000 ಎಂದು ಹೇಳುತ್ತಾರೆ. ಬ್ಯಾಡಗಿಯದು ಅದಕ್ಕಿಂತ ಬಹಳ ಕೆಳಗೆ.

ಬಣ್ಣ ನೋಡಲು ಬೀಜ ತೆಗೆದ ಕಾಯಿಯನ್ನು ಅರ್ಧ ಗಂಟೆ ಬೆಚ್ಚನೆಯ ನೀರಿನಲ್ಲಿ ನೆನೆಹಾಕಿ, ಅರೆದು, ಒಂದು ಚಮಚೆ ಬಿಸಿ ಎಣ್ಣೆಗೆ ಹಾಕಬೇಕು. ಮೆಣಸಿನಕಾಯಿಯ ಸಹಜ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಇಡೀ ಕಾಯಿ ನೀರಿಗೆ ಬಿದ್ದ ಕೂಡಲೇ ನೀರು ಕುಂಕುಮದಂತಾದರೆ ಕೃತಕ ಬಣ್ಣ ಬಳಿದಿರಬಹುದೆಂದು ಶಂಕಿಸಬೇಕು. ಎಣ್ಣೆಯಲ್ಲಿ ಕರಗುವ ಸುಡಾನ್ ಎಂಬ ಬಣ್ಣಗಳು ಈ ಪರೀಕ್ಷೆಗೆ ಸಿಗುವುದಿಲ್ಲ; ಅದಕ್ಕೆ ಪ್ರಯೋಗಾಲಯವೇ ಬೇಕು. ಕಾಯಿಯನ್ನು ಸೀಳಿದಾಗ ಒಳಗೆ ಬೂದು ಬಣ್ಣದ ಧೂಳು ಕಂಡರೆ, ಮುಗ್ಗಲು ವಾಸನೆ ಬಂದರೆ, ತಳಿ ಯಾವುದೆಂದು ವಿಚಾರಿಸುವ ಗೋಜಿಗೇ ಹೋಗದೆ ಎಸೆಯಬೇಕು. ಶಿಲೀಂಧ್ರದಿಂದ ಹುಟ್ಟುವ ಅಫ್ಲಟಾಕ್ಸಿನ್ ವಿಷ ಹುರಿದ ಮಾತ್ರಕ್ಕೆ ಹೋಗುವುದಿಲ್ಲ.

ಬೀಜ ಬಿತ್ತಿ ನೋಡೋಣವೆಂದು ಕೆಲವರು ಮಹಡಿಯ ಕುಂಡದಲ್ಲಿ ಪ್ರಯತ್ನಿಸುತ್ತಾರೆ. ಸಂತೋಷದ ಕೆಲಸವೇ ಸರಿ. ಆದರೆ ಸಂಕರ ತಳಿಯ ಬೀಜ ತಾಯಿಯಂತೆಯೇ ಕಾಯಿ ಕೊಡುವುದಿಲ್ಲ, ಒಂದು ತಳಿಯ ಪರಾಗ ಇನ್ನೊಂದಕ್ಕೆ ಸೇರುವುದೂ ಉಂಟು. ಬಣ್ಣ ಮತ್ತು ಖಾರದ ಖಚಿತ ಅಳತೆ ಬೇಕಾದವರಿಗೆ ಭಾರತೀಯ ಮಸಾಲೆ ಮಂಡಳಿಯ ಪರೀಕ್ಷಾಲಯ ಚೆನ್ನೈಗೆ ಸಮೀಪದ ಗುಮ್ಮಿಡಿಪೂಂಡಿಯಲ್ಲಿದೆ. ಅಲ್ಲಿ ಸಿಗುವುದು ಅಂಕಿಗಳು, ತಳಿಯ ಹೆಸರಲ್ಲ.

ಮನೆಮಟ್ಟಿಗೆ ಸುಲಭವಾದ ಉಪಾಯ ಒಂದಿದೆ. ಹೊಸ ಬೆಳೆ ಪೇಟೆಗೆ ಬರುವ ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ನಂಬಿಕೆಯ ಮೂಲದಿಂದ ಕಡ್ಡಿ, ಡಬ್ಬಿ, ಗುಂಟೂರು ಈ ಮೂರನ್ನೂ ನೂರು ನೂರು ಗ್ರಾಂ ತರಿಸಿ, ಹೆಸರು ಮತ್ತು ವರ್ಷ ಬರೆದ ಗಾಜಿನ ಶೀಶೆಗಳಲ್ಲಿ ಹಾಕಿ ಶೀತಕ ಪೆಟ್ಟಿಗೆಯಲ್ಲಿಟ್ಟರೆ ಬಣ್ಣ ಮಾಸದೆ ಉಳಿಯುತ್ತದೆ. ಮುಂದೆ ಹೆಸರಿಲ್ಲದ ಪೊಟ್ಟಣ ಬಂದಾಗ ಪಕ್ಕದಲ್ಲಿಟ್ಟು ಹೋಲಿಸಬಹುದು. ಮಾದರಿಯನ್ನು ವರ್ಷಕ್ಕೊಮ್ಮೆ ಬದಲಿಸಬೇಕು.