ಆರು ಬೈ ನಾಲ್ಕು

ಅವ್ವ ಸಂಜೆ ಆರರ ಮೇಲೆ ನೀರು ಕುಡಿಯೋದನ್ನೇ ಬಿಟ್ಟಿದ್ದಾಳೆ ಅಂತ ನನಗೆ ಗೊತ್ತಾಗಿದ್ದು ಕಳೆದ ದೀಪಾವಳಿಗೆ ಬನಹಟ್ಟಿಗೆ ಹೋದಾಗ. ರಾತ್ರಿ ಊಟಕ್ಕೆ ಕೂತರೆ ಎಲ್ಲರ ತಾಟಿನ ಪಕ್ಕ ತಂಬಿಗೆ ಇತ್ತು, ಅವಳದರ ಪಕ್ಕ ಇರಲಿಲ್ಲ. "ಯಾಕವ್ವಾ?" ಅಂದೆ. "ರಾತ್ರಿ ಏಳೂದು ಬ್ಯಾಡ ಅಂತ" ಅಂದಳು, ಉಪ್ಪಿನಕಾಯಿ ಬಡಿಸಿದಷ್ಟೇ ಸಹಜವಾಗಿ.

ನಮ್ಮ ಮನೆಯ ಸಂಡಾಸ ಇರುವುದು ಹಿತ್ತಲ ತುದಿಗೆ. ಅಡುಗೆಮನೆ ಬಾಗಿಲಿಂದ ಇಪ್ಪತ್ತೆಂಟು ಹೆಜ್ಜೆ, ನಡುವೆ ಎರಡು ಮೆಟ್ಟಿಲು. ಹೋದಮೇಲೆ ತುದಿಗಾಲಲ್ಲಿ ಕೂರಬೇಕು. ಅವಳ ಮೊಣಕಾಲಿಗೆ ಈ ಮೂರೂ ಆಗಿಬರುವುದಿಲ್ಲ. ಫೋನಿನಲ್ಲಿ ಮಾತ್ರ "ಆರಾಮ ಅದೀನಿ" ಅಂತಿದ್ದಳು.

ಪರಿಹಾರ ಸುಲಭ ಅನ್ನಿಸಿತು. ಅಡುಗೆಮನೆಗೆ ಹತ್ತಿಕೊಂಡೇ ಬಚ್ಚಲು ಇದೆ. ಅದರಲ್ಲಿ ಒಂದು ಕಮೋಡ್ ಕೂಡಿಸಿದರೆ ಮುಗೀತು. ಟೇಪ್ ಹಿಡಿದು ಅಳತೆ ಮಾಡಿ ಬೆಂಗಳೂರಿನಲ್ಲಿ ಆರ್ಕಿಟೆಕ್ಟ್ ಆಗಿರುವ ಗೆಳತಿಗೆ ಕಳಿಸಿದೆ. ಒಳಗೆ ಆರಡಿ ಉದ್ದ, ನಾಲ್ಕಡಿ ಅಗಲ. 24 ಚದರಡಿ. ಅವಳ ಉತ್ತರ ಐದೇ ನಿಮಿಷಕ್ಕೆ ಬಂತು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಬರೀ ಸ್ನಾನದ ಕೋಣೆಗೆ ಕನಿಷ್ಠ 1.8 ಚದರ ಮೀಟರ್ ಸಾಕು, ಅಂದರೆ 19 ಚದರಡಿಗೆ ಸ್ವಲ್ಪ ಜಾಸ್ತಿ. ಸ್ನಾನ, ಶೌಚ ಎರಡೂ ಒಂದರಲ್ಲೇ ಅಂದರೆ 2.8 ಚದರ ಮೀಟರ್, ಸುಮಾರು 30 ಚದರಡಿ. "ಜಳಕಕ್ಕೆ ಪಾಸ್, ಎರಡಕ್ಕೂ ಸೇರಿ ಫೇಲ್. ಆರು ಚದರಡಿ ಎಲ್ಲಿಂದಾದ್ರೂ ತಗೊಂಡು ಬಾ."

ಆ ಆರು ಚದರಡಿ ಯಾಕೆ ಇಲ್ಲ ಅನ್ನೋದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮನೆ ಕಟ್ಟಿಸಿದ ನಮ್ಮ ಅಜ್ಜ ಜಿಪುಣ ಆಗಿರಲಿಲ್ಲ, ಜಾಗಕ್ಕೂ ಕೊರತೆ ಇರಲಿಲ್ಲ. ಹಿತ್ತಲು ಈಗಲೂ ಮನೆಯಷ್ಟೇ ಇದೆ.

ಅಜ್ಜ ನೇಕಾರ. 1950ರ ದಶಕದಲ್ಲಿ ಕಟ್ಟಿದ ಮನೆ. ಅದರಲ್ಲಿ ಅತಿ ದೊಡ್ಡ, ಅತಿ ಬೆಳಕಿನ ಕೋಣೆ ಮನುಷ್ಯರದ್ದಲ್ಲ, ಮಗ್ಗದ್ದು. ಮೊದಲು ಕುಣಿಮಗ್ಗ, ಆಮೇಲೆ ಅದೇ ಜಾಗದಲ್ಲಿ ವಿದ್ಯುತ್ ಮಗ್ಗ. ರಬಕವಿ-ಬನಹಟ್ಟಿಯ ಹಳೆ ಓಣಿಗಳಲ್ಲಿ ಯಾವ ಮನೆಗೆ ಹೋದರೂ ಇದೇ ಲೆಕ್ಕ. ದುಡಿಯುವ ಜಾಗಕ್ಕೆ ಮೊದಲ ಪಾಲು, ಉಳಿದಿದ್ದರಲ್ಲಿ ಅಡುಗೆ, ದೇವರು, ನಿದ್ದೆ, ಕೊನೆಗೆ ಬಚ್ಚಲು. ಬಚ್ಚಲು ಸಣ್ಣದಿದ್ದರೆ ಅನುಕೂಲವೂ ಇತ್ತು. ನೀರು ಬಾವಿಯಿಂದ ಕೊಡದಲ್ಲಿ ಬರಬೇಕು, ಹಂಡೆಯ ಬಿಸಿ ಬೇಗ ಆರಬಾರದು, ಒದ್ದೆ ಆಗೋ ನೆಲ ಕಮ್ಮಿ ಇರಬೇಕು. ಒಂದು ಫರಸಿ ಕಲ್ಲು, ಅದರ ಮೇಲೆ ಕೂತು ಜಳಕ. ಗೋಡೆಯಲ್ಲಿ ಸೀಗೆಕಾಯಿ ಡಬ್ಬಿಗೊಂದು ಮಾಡ. ಬಟ್ಟೆಗೆ ಮೇಲೊಂದು ಹಗ್ಗ. ಹಂಡೆ ಅರ್ಧ ಗೋಡೆಯೊಳಗೆ ಹುಗಿದಿರುತ್ತಿತ್ತು. ಒಲೆಯ ಬಾಯಿ ಮಾತ್ರ ಹೊರಗೆ ಹಿತ್ತಲಿಗೆ. ಅಲ್ಲಿಂದ ಹತ್ತಿಕಟ್ಟಿಗೆ ನೂಕಿದರೆ ಹೊಗೆ ಹೊರಗೆ, ಬಿಸಿ ಒಳಗೆ. ಇವತ್ತು ಇಂಟೀರಿಯರ್‌ನವರು ಒಂದು ವಾಲ್ ನಿಶ್ ಕೊರೆಯಲು ಎಷ್ಟು ದುಡ್ಡು ಕೇಳುತ್ತಾರೆ ಅಂತ ನಿಮಗೆ ಗೊತ್ತಿರುತ್ತೆ.

ಆಮೇಲೆ ಬಂಬ ಬಂತು. ನೋಡಿಲ್ಲದವರಿಗೆ ಹೇಳಬೇಕು: ಎದೆಯೆತ್ತರದ ತಾಮ್ರದ ಕೊಳವೆಯಂಥ ಪಾತ್ರೆ, ಅದರ ಹೊಟ್ಟೆಯ ನಡುವೆ ಬೆಂಕಿಗೆ ಇನ್ನೊಂದು ಕೊಳವೆ. ಮೇಲಿಂದ ಕಟ್ಟಿಗೆಯ ಚೂರು ಹಾಕೋದು. ಒಂದು ತಂಬಿಗೆ ತಣ್ಣೀರು ಸುರಿದರೆ ನಳದಿಂದ ಒಂದು ತಂಬಿಗೆ ಬಿಸಿನೀರು. ಹಂಡೆ ಬೇಡುತ್ತಿದ್ದ ಜಾಗದ ಕಾಲುಭಾಗದಲ್ಲಿ ಅದು ನಿಲ್ಲುತ್ತಿತ್ತು. ಹೆಸರು ನಮಗೆ ಮರಾಠಿಯಿಂದ ಬಂದಿದ್ದು, ಅಲ್ಲಿ ಬೆಂಕಿ ಆರಿಸುವ ಗಾಡಿಗೂ ಬಂಬ ಅಂತಾರೆ. ಇದರಲ್ಲಿ ಆಶ್ಚರ್ಯ ಇಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದ್ದು. 1948ರ ಮಾರ್ಚ್‌ನಲ್ಲಿ ಎರಡೂ ಮುಂಬೈ ಪ್ರಾಂತಕ್ಕೆ ಸೇರಿದವು, ಮೈಸೂರು ರಾಜ್ಯಕ್ಕೆ ಬಂದಿದ್ದು 1956ರಲ್ಲಿ. ಅರಮನೆಯ ಭಾಷೆ ಬಚ್ಚಲವರೆಗೂ ಹರಿದು ಬಂದಿದೆ. ನೀವು ಬೆಂಗಳೂರಿನ ಯಾವ ಸ್ಯಾನಿಟರಿ ಅಂಗಡಿಗೆ ಹೋದರೂ ನೆಲದ ನೀರು ಹೋಗುವ ಜಾಲರಿಯ ಕೆಳಗಿನ ಬಟ್ಟಲಿಗೆ "ನಹಾನಿ ಟ್ರ್ಯಾಪ್" ಅಂತಾರಲ್ಲ, ಆ ನಹಾನಿ ಅಂದರೆ ಮರಾಠಿಯ ನ್ಹಾಣಿ, ಜಳಕದ ಮನೆ. ಪ್ಲಂಬಿಂಗ್ ಕ್ಯಾಟಲಾಗಿನ ಇಂಗ್ಲಿಷ್ ಸಾಮಾನುಗಳ ನಡುವೆ ಒಂಟಿಯಾಗಿ ಕೂತ ನಮ್ಮ ಕಡೆಯ ಪದ.

ಪದಗಳ ಬೆನ್ನು ಹತ್ತಿದಾಗಲೇ ನನಗೆ ಆರು ಚದರಡಿಯ ಗುಟ್ಟು ಹೊಳೆದಿದ್ದು. ಬಚ್ಚಲು ಅನ್ನೋದು ಕನ್ನಡದ್ದೇ ಪದ. ಇನ್ನೊಂದಕ್ಕೆ? ಸಂಡಾಸ ಮರಾಠಿಯಿಂದ, ಪಾಯಖಾನಿ ಪಾರ್ಸಿಯಿಂದ, ಲೆಟ್ರಿನ್ ಇಂಗ್ಲಿಷಿನಿಂದ. ಹಳೆ ಮೈಸೂರಿನ ಕಕ್ಕಸು ಡಚ್ಚರಿಂದ ಬಂತು ಅಂತಾರೆ. ಶೌಚಾಲಯ ಸರ್ಕಾರಿ ಬೋರ್ಡಿನದ್ದು, ಮನೆಯಲ್ಲಿ ಯಾರೂ ಅನ್ನಲ್ಲ. ನಮ್ಮ ಹಿರಿಯರ ಬಾಯಲ್ಲಿ ಇದ್ದಿದ್ದು ಕೋಣೆಯ ಹೆಸರಲ್ಲ, ದಿಕ್ಕಿನ ಹೆಸರು: ಬೈಲಕಡಿ, ಹೊರಕಡಿ. ಅಜ್ಜ ಬಚ್ಚಲಿಗೆ 24 ಚದರಡಿ ಕೊಟ್ಟಾಗ ಏನನ್ನೂ ಮರೆತಿರಲಿಲ್ಲ. ಆ ಇನ್ನೊಂದು ಕೆಲಸ ಮನೆಯದ್ದು ಅಂತ ಅವನು, ಅವನ ಊರು, ಎಣಿಸಿರಲೇ ಇಲ್ಲ. ಹಿತ್ತಲ ಸಂಡಾಸ ಬಂದಿದ್ದು ನಾನು ಐದನೇ ಇಯತ್ತೆ ಇದ್ದಾಗ.

ಅದಕ್ಕೂ ಮೊದಲು ಹೆಂಗಸರು ನಸುಕಿನ ಕತ್ತಲಲ್ಲಿ, ಇಲ್ಲವೇ ಹೊತ್ತು ಮುಳುಗಿದ ಮೇಲೆ ಚರಗಿ ಹಿಡಿದು ಗುಂಪಾಗಿ ಹೋಗಬೇಕು. ನಡುವಿನ ಹನ್ನೆರಡು ತಾಸು ತಡಕೊಳ್ಳಬೇಕು. ಅವ್ವನ ನೀರು ಬಿಡುವ ರೂಢಿ ಮೊಣಕಾಲಿನಿಂದ ಶುರುವಾಗಿದ್ದಲ್ಲ ಅಂತ ನನಗೆ ಆಮೇಲೆ ತಿಳಿಯಿತು. ಸೊಸೆಯಾಗಿ ಬಂದ ಮೊದಲ ವಾರವೇ ಅತ್ತೆ ಕಲಿಸಿದ್ದರಂತೆ: ದೀಪ ಹಚ್ಚಿದ ಮ್ಯಾಲ ನೀರ ಕಮ್ಮಿ ಕುಡಿ.

ಅವ್ವನಿಗೆ ಇದು ಹೊಸದು. ಅವಳ ತವರು ಜಮಖಂಡಿ ಪೇಟೆಯಲ್ಲಿ, ಅಲ್ಲಿ ಮನೆಗೆ ಪಾಯಖಾನಿ ಇತ್ತು. ಇತ್ತು ಅಂದರೆ ಹೇಗೆ? ಹಿತ್ತಲ ಗೋಡೆಗೆ ಆನಿಸಿ ಎತ್ತರದಲ್ಲಿ ಎರಡು ಕಲ್ಲು, ಕೆಳಗೆ ಒಂದು ಡಬ್ಬಿ. ಗೋಡೆಯ ಆಚೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದಷ್ಟು ಇಕ್ಕಟ್ಟಿನ ಸಂದಿ. ಸಂದಿಯ ಕಡೆ ತಗಡಿನ ಸಣ್ಣ ಬಾಗಿಲು. ದಿನಾ ಮುಂಜಾನೆ ಯಾರೋ ಆ ತಗಡು ಎತ್ತಿ ಡಬ್ಬಿ ಎಳೆದು, ತಲೆ ಮೇಲೆ ಹೊತ್ತು ಒಯ್ಯುತ್ತಿದ್ದರು. ಹಳೆ ಪೇಟೆ ಇರುವ ಯಾವ ಊರಿನಲ್ಲಾದರೂ ಮನೆಗಳ ಬೆನ್ನಿಗೆ ಬೆನ್ನು ಸೇರುವ ಜಾಗದಲ್ಲಿ ಇಂಥ ಸಂದಿ ಕಾಣಬಹುದು. ಈಗ ಅದರಲ್ಲಿ ಪೈಪು, ಎಸಿಯ ಹೊರಯಂತ್ರ, ಬೆಕ್ಕು. ಜಮಖಂಡಿಯ ಆ ತಗಡಿನ ಬಾಗಿಲಿನ ಜಾಗಕ್ಕೆ ಇಟ್ಟಿಗೆ ಕಟ್ಟಿದ್ದಾರೆ. ಗಿಲಾಯಿ ಬೇರೆ ಬಣ್ಣ ಇರುವುದರಿಂದ ಚೌಕ ಈಗಲೂ ಗೊತ್ತಾಗುತ್ತೆ.

"ಯಾರು ಬರ್ತಿದ್ರು?" ಅಂತ ಕೇಳಿದೆ.

"ಗೊತ್ತಿಲ್ಲವಾ. ಆ ಹೊತ್ತಿನ್ಯಾಗ ಹಿತ್ತಲಕ್ಕ ಹೋಗಬ್ಯಾಡ ಅಂತಿದ್ರು. ತಗಡಿನ ಸಪ್ಪಳ ಕೇಳ್ತಿತ್ತು."

ಜಾಗ ಉಳಿತಾಯದ ಲೆಕ್ಕ ಇಲ್ಲಿ ಅಸಲಿಗೆ ಬರುತ್ತೆ. ನಮ್ಮ ಹಳೆ ಮನೆಗಳ ಬಚ್ಚಲು ಅಷ್ಟು ಸಣ್ಣದಾಗಿ, ಅಷ್ಟು ಚೊಕ್ಕವಾಗಿ ಇರಲು ಸಾಧ್ಯವಾಗಿದ್ದು ಉಳಿದ ಭಾರವನ್ನು ಇನ್ನೊಬ್ಬರ ತಲೆ ಮೇಲೆ ಇಟ್ಟಿದ್ದರಿಂದ. ಉಪರಾಷ್ಟ್ರಪತಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆಗಿದ್ದ ಬಿ. ಡಿ. ಜತ್ತಿಯವರು ಜಮಖಂಡಿ ತಾಲ್ಲೂಕಿನ ಸಾವಳಗಿಯವರು. ಅವರ ಸಾರ್ವಜನಿಕ ಜೀವನ ಶುರುವಾಗಿದ್ದು 1940ರಲ್ಲಿ, ಜಮಖಂಡಿ ಪುರಸಭೆಯ ಸದಸ್ಯರಾಗಿ. ನಮ್ಮೂರ ಕಡೆ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಪುರಸಭೆ ಅಂದರೆ ಮೊದಲು ಗಟಾರ, ಕಸ, ಆ ಡಬ್ಬಿ. ಅದನ್ನು ಹೊತ್ತವರ ಹೆಸರು ಯಾವ ಕಟ್ಟಡದ ಮೇಲೂ ಇಲ್ಲ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆದೇಶ ಬಂದಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪ ಪೌರಾಡಳಿತ ಮಂತ್ರಿ ಆಗಿದ್ದಾಗ. ಒಣ ಪಾಯಖಾನೆ ಕಟ್ಟುವುದನ್ನೇ ನಿಷೇಧಿಸಿದ ಕೇಂದ್ರದ ಕಾಯ್ದೆಗೆ 1993 ಆಗಬೇಕಾಯಿತು, ಇನ್ನೂ ಬಿಗಿಯಾದ ಕಾಯ್ದೆಗೆ 2013. ಈ ಎರಡರ ನಡುವೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಮನೆಗಳಿಂದ ಎಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಾನಾಗ ಕಾಲೇಜಿನಲ್ಲಿದ್ದೆ. ಟಿವಿ ಬಂದ್ ಮಾಡಿದ್ದು ನೆನಪಿದೆ.

ಶೌಚ ಮನೆಯೊಳಗೆ ಬರಲು ಬೇಕಾಗಿದ್ದು ಜಾಗ ಅಲ್ಲ, ಎರಡಿಂಚು ನೀರು. 1775ರಲ್ಲಿ ಅಲೆಗ್ಸಾಂಡರ್ ಕಮಿಂಗ್ ಲಂಡನ್ನಿನಲ್ಲಿ ಪೇಟೆಂಟ್ ಪಡೆದ ಬಾಗಿದ ಕೊಳವೆಯ ತತ್ವ ಇಷ್ಟೇ: ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತೆ, ವಾಸನೆ ವಾಪಸ್ ಬರಲ್ಲ. ನಮ್ಮಲ್ಲಿ ಬಿಂದೇಶ್ವರ ಪಾಠಕ್ 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆ ಕಟ್ಟಿ, ಇದೇ ನೀರಿನ ತಡೆಗೆ ಎರಡು ಗುಂಡಿ ಜೋಡಿಸಿದ ಅಗ್ಗದ ಮಾದರಿ ಹಬ್ಬಿಸಿದರು. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸೋದು, ಮೊದಲನೆಯದು ಗೊಬ್ಬರ ಆಗೋವರೆಗೆ ಕಾಯೋದು. ಹೊರುವವರು ಬೇಕಾಗಿಲ್ಲ.

ತಂತ್ರ ಬಂದರೂ ನಕ್ಷೆ ತಡವಾಗಿಯೇ ಬದಲಾಗುತ್ತೆ. ನಮ್ಮ ಚಿಗವ್ವನ ಊರು ಬೀಳಗಿ ತಾಲ್ಲೂಕಿನಲ್ಲಿ, ಆಲಮಟ್ಟಿ ಹಿನ್ನೀರಿಗೆ ಹೋಯಿತು. ಪುನರ್ವಸತಿ ಕೇಂದ್ರದಲ್ಲಿ ಸಿಕ್ಕ ಪ್ಲಾಟಿನಲ್ಲಿ ತಳಪಾಯದಿಂದ ಹೊಸದಾಗಿ ಮನೆ ಕಟ್ಟಿಸಿದಳು. ಬೇಕಾದ ಹಾಗೆ ಕಟ್ಟಿಸಬಹುದಿತ್ತು. ಬಚ್ಚಲು ಒಳಗೆ, ಸಂಡಾಸ ಕಂಪೌಂಡಿನ ಮೂಲೆಗೆ, ಎಷ್ಟು ದೂರ ಆಗುತ್ತೋ ಅಷ್ಟು ದೂರ. ಮುಳುಗಿದ ಮನೆಯಲ್ಲಿ ಹೇಗಿತ್ತೋ ಹಾಗೆ.

ಇಷ್ಟೆಲ್ಲ ಓದಿ, ಕೇಳಿ, ತಲೆ ತುಂಬಿಸಿಕೊಂಡು ಜನವರಿಯಲ್ಲಿ ಮತ್ತೆ ಊರಿಗೆ ಹೋದೆ. ಅವ್ವ ಒಪ್ಪಲಿಲ್ಲ. ಬಚ್ಚಲಿನ ಒಂದು ಗೋಡೆಯ ಆಚೆ ದೇವರ ಕೋಣೆ ಇದೆ.

"ದೇವರ ಗ್ವಾಡಿಗೆ ಹಚ್ಚಿ ಸಂಡಾಸ ಮಾಡ್ತೀಯೇನ ನೀ?"

ಅರ್ಧ ಗಂಟೆ ಭಾಷಣ ಮಾಡಿದೆ. ಕಮಿಂಗ್‌ನಿಂದ ಸವಣೂರಿನವರೆಗೆ. ಅವಳು ಹತ್ತಿ ಬತ್ತಿ ಹೊಸೆಯುತ್ತ ಪೂರ್ತಿ ಕೇಳಿದಳು. "ನೀ ಹೇಳೂದೆಲ್ಲ ಖರೆ. ಆದ್ರ ದೇವರ ಗ್ವಾಡಿ ದೇವರ ಗ್ವಾಡಿನ."

ದಾರಿ ತೋರಿಸಿದ್ದು ಮುಧೋಳದಿಂದ ಬಂದ ಗೌಂಡಿ. ಗೋಡೆಗಳಿಗೆಲ್ಲ ಬೆರಳ ಗೆಣ್ಣಿನಿಂದ ಬಡಿಯುತ್ತ ಹೋಗಿ ಹಿತ್ತಲ ಕಡೆಯ ಸಣ್ಣ ಗೋಡೆಗೆ ನಿಂತರು. "ಅಕ್ಕಾರ, ಇದು ಟೊಳ್ಳ ಐತ್ರಿ."

ಅವ್ವ ಅಡುಗೆಮನೆಯಿಂದಲೇ ಹೇಳಿದಳು: "ಹಂಡೇದ ಒಲಿ ಅದು. ನಾ ಸೊಸಿ ಆಗಿ ಬಂದ ವರ್ಷ ಮಾಮಾರು ಬಂಬ ತಂದು ಅದನ್ನ ಮುಚ್ಚಿಸಿದ್ರು."

ಇಟ್ಟಿಗೆ ಬಿಚ್ಚಿದರೆ ಒಳಗೆ ಎರಡೂವರೆ ಅಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರದ ಗವಿ. ಮೇಲೆ ಕಲ್ಲಿನ ತೊಲೆ ಹಾಗೇ ಇತ್ತು, ಹಾಗಾಗಿ ಗೋಡೆ ಕುಸಿಯುವ ಹೆದರಿಕೆ ಇಲ್ಲ. ಮಸಿ, ಬೂದಿ, ಅರ್ಧ ಸುಟ್ಟ ಹತ್ತಿಕಟ್ಟಿಗೆ. ಐದು ಚದರಡಿ. ಗೆಳತಿಗೆ ಮೆಸೇಜ್ ಮಾಡಿದೆ: 29 ಆಯಿತು. "ಒಂದು ಕಮ್ಮಿ, ನಡಿ ನಡಿ" ಅಂದಳು.

ಮುಂದಿನದ್ದು ಬೇಗ ಹೇಳುತ್ತೇನೆ, ನಿಮ್ಮ ಫ್ಲ್ಯಾಟಿನಲ್ಲೂ ಉಪಯೋಗಕ್ಕೆ ಬರಬಹುದು. ಕಮೋಡಿನ ಟ್ಯಾಂಕನ್ನು ಗವಿಯೊಳಗೆ ತಳ್ಳಿದ್ದರಿಂದ 27 ಇಂಚಿನ ಕಮೋಡ್ ಕೋಣೆಯೊಳಗೆ ಚಾಚಿದ್ದು ಒಂದೂವರೆ ಅಡಿಗಿಂತ ಕಮ್ಮಿ. ಕೆಳಕ್ಕೆ ಇಳಿಯುವ ಎಸ್ ಟ್ರ್ಯಾಪ್ ಬದಲು ಹಿಂದಕ್ಕೆ ಹೋಗುವ ಪಿ ಟ್ರ್ಯಾಪ್ ತಂದೆವು. ನೆಲ ಒಡೆಯಲಿಲ್ಲ, ಪೈಪು ಹಳೆ ಒಲೆಯ ಬಾಯಿಂದಲೇ ಹಿತ್ತಲಿಗೆ ಹೋಯಿತು. ಒಳಕ್ಕೆ ತೆಗೆಯುತ್ತಿದ್ದ ಬಾಗಿಲನ್ನು ಹೊರಕ್ಕೆ ತಿರುಗಿಸಿದೆವು. ಜಾಗವೂ ಉಳಿಯಿತು, ಒಳಗೆ ಯಾರಾದರೂ ಬಿದ್ದರೆ ಬಾಗಿಲಿಗೆ ಅಡ್ಡವೂ ಆಗಲ್ಲ. ಗೀಸರ್ ಬಾಗಿಲಿನ ನೆತ್ತಿಯ ಮೇಲೆ. ಸೀಗೆಕಾಯಿಯ ಮಾಡ ಹಾಗೇ ಬಿಟ್ಟೆವು, ಈಗ ಅದರಲ್ಲಿ ಶಾಂಪೂ. ನೆಲಕ್ಕೆ ಜಾರದ ಟೈಲ್ಸ್, ಕಮೋಡಿನ ಬಾಜೂಕೆ ಹಿಡಿಯಲು ಸ್ಟೀಲಿನ ರಾಡು. ಫರಸಿ ಕಲ್ಲು ಕೀಳಲು ಅವ್ವ ಬಿಡಲಿಲ್ಲ. ಅದರ ಮೇಲೆ ಸ್ಟೂಲಿಟ್ಟು ಕೂತು ಜಳಕ ಮಾಡುತ್ತಾಳೆ.

ಗೌಂಡಿ ಒಂದಕ್ಕೆ ಮಾತ್ರ ಹಟ ಹಿಡಿದರು, ಕಮೋಡನ್ನು ನಾಲ್ಕಿಂಚು ಕಟ್ಟೆಯ ಮೇಲೆ ಕೂಡಿಸಬೇಕು ಅಂತ. 2019ರ ಆಗಸ್ಟಿನಲ್ಲಿ ಘಟಪ್ರಭೆ ಮುಧೋಳಕ್ಕೆ ನುಗ್ಗಿದಾಗ ಅವರ ಮನೆ ನೀರಿನಲ್ಲಿತ್ತು. "ನದಿ ನೀರ ಬಾಗಲದಾಗಿಂದ ಬರಲಿಲ್ರಿ. ಮೊದಲ ಸಂಡಾಸದಾಗಿಂದ ಬಂತ್ರಿ." ಅವ್ವನ ಮೊಣಕಾಲಿಗೂ ಎತ್ತರ ಒಳ್ಳೆಯದೇ ಆಯಿತು. ದೇವರ ಗೋಡೆ ಎದುರಿಗಿತ್ತು, ಯಾರೂ ಮುಟ್ಟಲಿಲ್ಲ.

ಕೆಲಸ ಮುಗಿದ ಮೂರನೇ ರಾತ್ರಿ ನಾನು ಬಸ್ಸಿಗೆ ಹೊರಡುವ ತಯಾರಿಯಲ್ಲಿದ್ದೆ. ಅವ್ವ ಅಡುಗೆಮನೆ ಹೊಸ್ತಿಲ ಮೇಲೆ ಕೂತು ತಂಬಿಗೆ ಎತ್ತಿ ನೀರು ಕುಡಿದಳು. ಆಮೇಲೆ ಕೆಳಗಿಟ್ಟು, "ಅಕಿನ್ನ ಒಮ್ಮೆ ನೋಡಿದ್ದೆ" ಅಂದಳು.

"ಯಾರನ್ನ?"

"ಜಮಖಂಡ್ಯಾಗ. ಸಂದಿ ಕಡೆದಾಕಿ. ಬ್ಯಾಸಗಿ. ತಗಡ ಬಡದು ನೀರ ಕೇಳಿದ್ಲು."

"ಕೊಟ್ರೇನು?"

"ನಮ್ಮವ್ವ ಗ್ವಾಡಿ ಮ್ಯಾಲಿಂದ ಸುರುವಿದ್ಲು. ಬೊಗಸಿಯೊಳಗ ಹಿಡಿದು ಕುಡದ್ಲು. ಅರ್ಧಾ ಚೆಲ್ಲಿತ್ತು."

ಬಸ್ಸು ಹತ್ತೂವರೆಗೆ ಇತ್ತು.