ಉತ್ತರ ಬೇಡ, ದಾರಿ ಹೇಳು

ನಾನು ಬೆಳೆದ ಮೈಸೂರಿನ ಮನೆಗೆ ಇಂಗ್ಲಿಷ್ ಪೇಪರ್ ಬರುತ್ತಿರಲಿಲ್ಲ. ಪಕ್ಕದ ಮನೆ ಮೇಷ್ಟ್ರ ಹತ್ತಿರ ‘ದಿ ಹಿಂದೂ’ ಬರುತ್ತಿತ್ತು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆದವರು. ಮಧ್ಯಾಹ್ನ ಊಟವಾದ ಮೇಲೆ ಅವರ ಪೇಪರ್ ಕಾಂಪೌಂಡ್ ದಾಟಿ ನಮ್ಮ ಕಡೆಗೆ, ನಮ್ಮ ಕನ್ನಡ ಪೇಪರ್ ಅವರ ಕಡೆಗೆ. ಪಿಯುಸಿಯಲ್ಲಿದ್ದಾಗ ಒಂದು ದಿನ ಗಮನಿಸಿದೆ: ಕ್ರಾಸ್‌ವರ್ಡ್ ಇರುವ ಜಾಗದಲ್ಲಿ ಮಾತ್ರ ಕಾಗದ ಸವೆದು ಬೂದು ಬಣ್ಣಕ್ಕೆ ತಿರುಗಿದೆ. ಬೆಳಕಿಗೆ ಹಿಡಿದರೆ ಒಂದೊಂದು ಚೌಕದಲ್ಲೂ ಪೆನ್ಸಿಲ್ಲಿನ ಗುರುತು. ಮೇಷ್ಟ್ರು ಬೆಳಿಗ್ಗೆ ಪೂರ್ತಿ ಬಿಡಿಸಿ, ಆಮೇಲೆ ರಬ್ಬರ್ ತಗೊಂಡು ಪೂರ್ತಿ ಅಳಿಸಿ ಕೊಡುತ್ತಿದ್ದರು. ದಿನಾ.

‘ಯಾಕೆ ಅಳಿಸ್ತೀರಿ ಮೇಷ್ಟ್ರೇ?’ ಅಂತ ಕೇಳಿದೆ.

‘ಊಟ ಮಾಡಿದ ಎಲೆಯಲ್ಲಿ ಇನ್ನೊಬ್ಬರಿಗೆ ಬಡಿಸ್ತಾರೇನಯ್ಯಾ?’ ಅಂದರು.

ಅಲ್ಲಿಂದ ನನ್ನ ಹುಚ್ಚು ಶುರು. ಮೊದಲ ಕ್ರಿಪ್ಟಿಕ್ ಕ್ರಾಸ್‌ವರ್ಡ್ ಪೂರ್ತಿ ಮುಗಿಸೋಕೆ ಎರಡು ವರ್ಷ ಬೇಕಾಯಿತು. ಸಿಕ್ಕಿಹಾಕಿಕೊಂಡಾಗಲೆಲ್ಲ ಗೋಡೆ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಅವರು ಒಮ್ಮೆಯೂ ಉತ್ತರ ಹೇಳಲಿಲ್ಲ. ‘ಮೂರನೇ ಪದ ಯಾಕೆ ಅಲ್ಲಿದೆ, ನೋಡು’ ಅಂತಷ್ಟೇ ಹೇಳಿ ಒಳಗೆ ಹೋಗುತ್ತಿದ್ದರು. ಈಗ ನನ್ನ ಮೊಬೈಲಿನ ಆ್ಯಪ್‌ನಲ್ಲಿ ಒಂದು ಬಟನ್ ಇದೆ, ಒತ್ತಿದರೆ ಉತ್ತರ ತಾನಾಗಿ ತುಂಬಿಕೊಳ್ಳುತ್ತೆ. ಅದನ್ನು ನೋಡಿದಾಗಲೆಲ್ಲ ಆ ರಬ್ಬರ್ ನೆನಪಾಗುತ್ತೆ. ಈ ಆಟದ ನೂರು ಚಿಲ್ಲರೆ ವರ್ಷದ ಚರಿತ್ರೆಯನ್ನು ಓದುತ್ತಾ ಹೋದ ಹಾಗೆ ನನಗನ್ನಿಸಿದ್ದು ಇಷ್ಟೇ: ಎಷ್ಟು ಬಚ್ಚಿಡಬೇಕು, ಎಷ್ಟು ಹೇಳಬೇಕು ಅನ್ನೋದನ್ನು ಮನುಷ್ಯರು ನಿಧಾನವಾಗಿ ಕಲಿತುಕೊಂಡ ಕಥೆ ಇದು.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಮಾಮೂಲಿ ಪದಬಂಧದಲ್ಲಿ ‘ಅರಣ್ಯ (2)’ ಅಂದರೆ ‘ವನ’ ಅಂತ ಬರೀತೀವಿ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಕ್ರಿಪ್ಟಿಕ್ ಹಾಗಲ್ಲ. ಅದರ ಪ್ರತಿ ಸುಳಿವಿನಲ್ಲೂ ಎರಡು ಭಾಗ. ಒಂದು ಭಾಗ ನೇರ ಅರ್ಥ, ಇನ್ನೊಂದು ಅಕ್ಷರಗಳ ಆಟ. ಬೆಸುಗೆ ಎಲ್ಲಿದೆ ಅಂತ ಮಾತ್ರ ಹೇಳಲ್ಲ. ‘ಕಾಡು ಹಿಂದಿರುಗಿದಾಗ ಹೊಸತು (2)’ ಅಂದುಕೊಳ್ಳಿ. ಮೊದಲ ಓದಿಗೆ ಮಳೆ ಬಿದ್ದು ಕಾಡು ಚಿಗುರಿದ ಚಿತ್ರ ಕಣ್ಮುಂದೆ ಬರುತ್ತೆ. ಆ ಚಿತ್ರವೇ ಮೋಸ. ಕಾಡು ಅಂದರೆ ‘ವನ’. ಅದನ್ನು ಹಿಂದುಮುಂದು ಮಾಡಿದರೆ ‘ನವ’, ಅಂದರೆ ಹೊಸತು. ಉತ್ತರ ಸುಳಿವಿನಲ್ಲೇ ಇತ್ತು, ನಾವೇ ಚಿತ್ರ ನೋಡ್ತಾ ನಿಂತುಬಿಟ್ಟಿದ್ದೆವು.

ಶುರುವಿನಲ್ಲಿ ಈ ಮೋಸವೆಲ್ಲ ಇರಲಿಲ್ಲ. 1913ರ ಡಿಸೆಂಬರ್ 21ರ ಭಾನುವಾರ, ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಪುರವಣಿಯಲ್ಲಿ ಆರ್ಥರ್ ವಿನ್ ಎಂಬ ಲಿವರ್‌ಪೂಲ್ ಮೂಲದ ಪತ್ರಕರ್ತ ವಜ್ರದ ಆಕಾರದ ಒಂದು ಪಝಲ್ ಹಾಕಿದ. ಹೆಸರು ‘ವರ್ಡ್-ಕ್ರಾಸ್’. ಆಮೇಲೆ ಆ ಹೆಸರೇ ತಿರುಗಿ ‘ಕ್ರಾಸ್-ವರ್ಡ್’ ಆಯಿತು. 1924ರಲ್ಲಿ ಸೈಮನ್ ಆ್ಯಂಡ್ ಶುಸ್ಟರ್ ಎಂಬ ಹೊಸ ಪ್ರಕಾಶನ ಸಂಸ್ಥೆ ಮೊದಲ ಕ್ರಾಸ್‌ವರ್ಡ್ ಪುಸ್ತಕ ತಂದಿತು, ಜೊತೆಗೊಂದು ಪೆನ್ಸಿಲ್ ಕಟ್ಟಿ. ಅಮೆರಿಕಕ್ಕೆ ಹುಚ್ಚು ಹಿಡಿಯಿತು. ಇದೆಲ್ಲ ಟೈಮ್‌ವೇಸ್ಟ್ ಅಂತ ಮೂಗು ಮುರಿದಿದ್ದ ‘ನ್ಯೂಯಾರ್ಕ್ ಟೈಮ್ಸ್’ ತಾನೂ ಕ್ರಾಸ್‌ವರ್ಡ್ ಶುರು ಮಾಡಿದ್ದು 1942ರಲ್ಲಿ!

ಸುಳಿವಿಗೆ ಕುಟಿಲತೆ ಬಂದಿದ್ದು ಇಂಗ್ಲೆಂಡಿನಲ್ಲಿ. ಎಡ್ವರ್ಡ್ ಪೋಯಿಸ್ ಮ್ಯಾಥರ್ಸ್ ಎಂಬ ಕವಿ, ಅನುವಾದಕ, 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ಪಝಲ್ ಕಟ್ಟತೊಡಗಿದ. ಇಟ್ಟುಕೊಂಡ ಹೆಸರು ‘ಟೊರ್ಕ್ವೆಮಾಡಾ’. ಸ್ಪೇನಿನಲ್ಲಿ ಧರ್ಮದ ಹೆಸರಿನಲ್ಲಿ ಜನರನ್ನು ಹಿಂಸಿಸಿದ ನ್ಯಾಯಾಧಿಕಾರಿಯ ಹೆಸರದು. ಅಂದರೆ ಉದ್ದೇಶ ಮೊದಲೇ ಸ್ಪಷ್ಟ! ಇತ್ತೀಚೆಗೆ ಸೋಶಿಯಲ್ ಮೀಡಿಯಾದಲ್ಲಿ ಮತ್ತೆ ಸದ್ದು ಮಾಡಿದ ‘ಕೇನ್ಸ್ ಜಾಬೋನ್’ ನಿಮ್ಮಲ್ಲಿ ಕೆಲವರು ಕೊಂಡಿರಬಹುದು. ನೂರು ಪುಟದ ಕೊಲೆ ಕಥೆ, ಪುಟಗಳೆಲ್ಲ ಅದಲುಬದಲು, ಸರಿಯಾದ ಕ್ರಮ ನಾವೇ ಕಂಡುಹಿಡಿಯಬೇಕು. 1934ರಲ್ಲಿ ಅದನ್ನು ಬರೆದವನೂ ಇದೇ ಆಸಾಮಿ.

ಈತನ ವಿಷಯ ಓದುವಾಗ ನಾನು ಕುರ್ಚಿಯಿಂದ ಎದ್ದು ಕೂತ ಒಂದು ಸಂಗತಿ ಇದೆ. ಮ್ಯಾಥರ್ಸ್‌ಗೆ ಹೆಸರು ತಂದ ಅನುವಾದಗಳಲ್ಲಿ ಒಂದು ‘ಬ್ಲ್ಯಾಕ್ ಮ್ಯಾರಿಗೋಲ್ಡ್ಸ್’. ಅದು ಬಿಲ್ಹಣನದೆಂದು ಪ್ರಸಿದ್ಧವಾದ ಸಂಸ್ಕೃತದ ‘ಚೌರಪಂಚಾಶಿಕಾ’ದ ಸ್ವತಂತ್ರ ರೂಪಾಂತರ. ಕಾಶ್ಮೀರದ ಬಿಲ್ಹಣ ಊರೂರು ಸುತ್ತಿ ಕೊನೆಗೆ ನೆಲೆ ನಿಂತಿದ್ದು ಎಲ್ಲಿ? ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಇವತ್ತಿನ ನಮ್ಮ ಬಸವಕಲ್ಯಾಣದಲ್ಲಿ. ಲಂಡನ್ನಿನ ಭಾನುವಾರದ ಪೇಪರಿನಲ್ಲಿ ಸಾವಿರಾರು ಜನರ ತಲೆ ಕೆಡಿಸಿದವನು ನಮ್ಮ ಬೀದರ್ ಕಡೆಯ ಆಸ್ಥಾನಕವಿಯ ಹೆಸರಿನ ಪದ್ಯಗಳನ್ನು ಮೊದಲೇ ಅರೆದು ಕುಡಿದಿದ್ದ. ಶ್ಲೇಷೆಯ ರುಚಿ ಅವನಿಗೆ ಅಲ್ಲೇ ಹತ್ತಿತು ಅಂತ ನಾನು ಹೇಳಲಾರೆ. ಆದರೆ ಮೇಷ್ಟ್ರಿಗೆ ಇದನ್ನು ಹೇಳಿದಾಗ ‘ಹಂಗಾದ್ರೆ ಅವನು ನಮ್ಮವನೇ ಬಿಡು’ ಅಂತ ತೀರ್ಪು ಕೊಟ್ಟುಬಿಟ್ಟರು.

ಟೊರ್ಕ್ವೆಮಾಡಾನ ಕಷ್ಟ ಏನೆಂದರೆ ಅವನಿಗೆ ನಿಯಮ ಅಂತ ಇರಲಿಲ್ಲ. ಬುದ್ಧಿವಂತಿಕೆ ಇತ್ತು, ಕರುಣೆ ಕಡಿಮೆ. 1939ರಲ್ಲಿ ಅವನು ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದವರು ಡೆರಿಕ್ ಮ್ಯಾಕ್‌ನಟ್, ಗ್ರೀಕ್-ಲ್ಯಾಟಿನ್ ಪಾಠ ಹೇಳುತ್ತಿದ್ದ ಮೇಷ್ಟ್ರು. ಇಟ್ಟುಕೊಂಡ ಹೆಸರು ಇನ್ನೊಬ್ಬ ಸ್ಪ್ಯಾನಿಷ್ ನ್ಯಾಯಾಧಿಕಾರಿಯದೇ, ‘ಕ್ಸಿಮೆನೀಸ್’. ಸ್ವಭಾವ ಮಾತ್ರ ಬೇರೆ. ಅವರು ಹಾಕಿಕೊಟ್ಟ ಕಟ್ಟಳೆ ಸರಳವಾಗಿತ್ತು: ಸುಳಿವಿನಲ್ಲಿ ನೇರ ಅರ್ಥ ಇರಬೇಕು, ಅಕ್ಷರದಾಟ ನ್ಯಾಯವಾಗಿರಬೇಕು, ಇವೆರಡಕ್ಕೂ ಸಂಬಂಧವಿಲ್ಲದ ಒಂದು ಪದವೂ ಇರಬಾರದು. ದಾರಿ ತಪ್ಪಿಸಬಹುದು, ಸುಳ್ಳು ಹೇಳುವಂತಿಲ್ಲ. 1966ರಲ್ಲಿ ಅವರು ಇದನ್ನೆಲ್ಲ ಪುಸ್ತಕವಾಗಿ ಬರೆದರು. 1972ರಿಂದ ಆ ಜಾಗದಲ್ಲಿ ಬಂದ ಜೊನಾಥನ್ ಕ್ರೌದರ್ ‘ಅಝೆಡ್’ ಎಂಬ ಹೆಸರು ಇಟ್ಟುಕೊಂಡರು. ಇಂಗ್ಲಿಷಿನ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಅಂತ ಒಂದರ್ಥ. ಹಿಂದಿನಿಂದ ಓದಿದರೆ ‘ಡೆಝಾ’, ಮೂರನೇ ಸ್ಪ್ಯಾನಿಷ್ ನ್ಯಾಯಾಧಿಕಾರಿ!

ಕ್ಸಿಮೆನೀಸ್ ಮಾಡಿದ ಇನ್ನೊಂದು ಕೆಲಸ ನನಗೆ ನಿಯಮಕ್ಕಿಂತ ಹೆಚ್ಚು ಇಷ್ಟ. ಓದುಗರೇ ಸುಳಿವು ಬರೆದು ಕಳಿಸುವ ಸ್ಪರ್ಧೆ ನಡೆಸಿದರು. ಗೆದ್ದ ಸುಳಿವುಗಳನ್ನೂ ಅವುಗಳ ಮೇಲಿನ ಟಿಪ್ಪಣಿಯನ್ನೂ ಅಚ್ಚು ಹಾಕಿ ಚಂದಾದಾರರಿಗೆ ಕಳಿಸುತ್ತಿದ್ದರು. ಮುಖ ನೋಡದವರು ಒಬ್ಬರ ಸುಳಿವನ್ನು ಇನ್ನೊಬ್ಬರು ಮೆಚ್ಚುತ್ತಾ, ಹೊಟ್ಟೆಕಿಚ್ಚು ಪಡುತ್ತಾ ಸ್ನೇಹಿತರಾದರು. ಕಾಲಿನ್ ಡೆಕ್ಸ್ಟರ್ ಪತ್ತೇದಾರಿ ಕಾದಂಬರಿ ಬರೆದಾಗ ತನ್ನ ಇನ್‌ಸ್ಪೆಕ್ಟರಿಗೆ ‘ಮೋರ್ಸ್’ ಅಂತ ಹೆಸರಿಟ್ಟದ್ದು, ಅವನ ಜೊತೆಗಾರನಿಗೆ ‘ಲೂಯಿಸ್’ ಅಂತ ಹೆಸರಿಟ್ಟದ್ದು ಯಾರಿಂದ ಗೊತ್ತಾ? ಈ ಸ್ಪರ್ಧೆಗಳಲ್ಲಿ ತನಗೆ ಸವಾಲು ಹಾಕುತ್ತಿದ್ದ ಇಬ್ಬರು ಎದುರಾಳಿಗಳಿಂದ. ಪ್ರತಿಸ್ಪರ್ಧಿಗೆ ಇದಕ್ಕಿಂತ ದೊಡ್ಡ ಶಾಲು-ಹಾರ ಬೇಕೇ?

ಈ ಆಟಕ್ಕೆ ಯುದ್ಧವೂ ಗಂಟುಬಿತ್ತು. 1942ರ ಜನವರಿಯಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ತನ್ನ ಕಚೇರಿಯಲ್ಲೇ ಒಂದು ಸ್ಪರ್ಧೆ ಇಟ್ಟಿತು: 12 ನಿಮಿಷದೊಳಗೆ ಕ್ರಾಸ್‌ವರ್ಡ್ ಬಿಡಿಸಬೇಕು. ಕೆಲ ವಾರಗಳಾದ ಮೇಲೆ, ಭಾಗವಹಿಸಿದ್ದವರಲ್ಲಿ ಕೆಲವರಿಗೆ ಸರ್ಕಾರದಿಂದ ಗುಟ್ಟಾಗಿ ಕಾಗದ ಬಂತು. ಜರ್ಮನ್ನರ ಸಂಕೇತಗಳನ್ನು ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕಿಗೆ ಅಂಥ ತಲೆಗಳು ಬೇಕಾಗಿದ್ದವು.

ಎರಡು ವರ್ಷದ ಮೇಲೆ ಅದೇ ಪತ್ರಿಕೆಯ ಕ್ರಾಸ್‌ವರ್ಡ್ ಸರ್ಕಾರದ ನಿದ್ದೆಗೆಡಿಸಿತು. 1944ರ ಮೇ 2ರಂದು ಉತ್ತರ ‘ಯೂಟಾ’. 22ಕ್ಕೆ ‘ಒಮಾಹಾ’. 27ಕ್ಕೆ ‘ಓವರ್‌ಲಾರ್ಡ್’. 30ಕ್ಕೆ ‘ಮಲ್ಬರಿ’. ಜೂನ್ 1ಕ್ಕೆ ‘ನೆಪ್ಚೂನ್’. ಎಲ್ಲವೂ ಜೂನ್ 6ರಂದು ನಡೆಯಲಿದ್ದ ನಾರ್ಮಂಡಿ ದಾಳಿಯ ರಹಸ್ಯ ಪದಗಳು! ಪಝಲ್ ಕಟ್ಟುತ್ತಿದ್ದ ಲೆನಾರ್ಡ್ ಡಾ ಒಂದು ಶಾಲೆಯ ಹೆಡ್‌ಮಾಸ್ಟರು. ಗುಪ್ತಚರರು ಬಂದು ತಡಕಾಡಿದರೂ ಏನೂ ಸಿಗಲಿಲ್ಲ. ನಲವತ್ತು ವರ್ಷವಾದ ಮೇಲೆ ಅವರ ಶಿಷ್ಯರೊಬ್ಬರು ಬಾಯಿಬಿಟ್ಟರು. ಖಾಲಿ ಚೌಕಗಳನ್ನು ಹುಡುಗರ ಕೈಗೆ ಕೊಟ್ಟು ‘ಪದ ತುಂಬ್ರೋ’ ಅನ್ನೋದು ಮೇಷ್ಟ್ರ ಅಭ್ಯಾಸವಂತೆ. ಪಕ್ಕದ ಸೈನಿಕ ಶಿಬಿರದಲ್ಲಿ ಓಡಾಡಿಕೊಂಡಿದ್ದ ಹುಡುಗರು ಅಲ್ಲಿ ಕಿವಿಗೆ ಬಿದ್ದ ಪದಗಳನ್ನೇ ತುಂಬಿದ್ದರಂತೆ. ಆಟವನ್ನು ಹಂಚಿಕೊಂಡ ತಪ್ಪಿಗೆ ಆ ಹೆಡ್‌ಮಾಸ್ಟರ್ ಗೂಢಚಾರ ಅನ್ನಿಸಿಕೊಳ್ಳೋದು ಸ್ವಲ್ಪದರಲ್ಲಿ ತಪ್ಪಿತ್ತು.

ನಮ್ಮಲ್ಲಿಗೆ ಬಂದರೆ, ‘ದಿ ಹಿಂದೂ’ ಕ್ರಿಪ್ಟಿಕ್ ಶುರುವಾದದ್ದು 1971ರಲ್ಲಿ. ಮೊದಲು ಕಟ್ಟಿದವರು ಅಡ್ಮಿರಲ್ ರಾಮ್ ದಾಸ್ ಕಟಾರಿ. 1958ರಲ್ಲಿ ನೌಕಾಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯ. ಹಡಗು ನಡೆಸಿದ ಕೈ ಆಮೇಲೆ ಕಪ್ಪು-ಬಿಳಿ ಚೌಕಗಳಲ್ಲಿ ನಮ್ಮನ್ನು ಮುಳುಗಿಸಿತು.

ಕನ್ನಡದಲ್ಲಿ ಪದಬಂಧಕ್ಕೇನೂ ಬರವಿಲ್ಲ. ಅ.ನಾ. ಪ್ರಹ್ಲಾದರಾವ್ ಒಬ್ಬರೇ ಸಾವಿರಾರು ಕಟ್ಟಿದ್ದಾರೆ. ಬಚ್ಚಿಟ್ಟು ಹೇಳೋದಂತೂ ನಮಗೆ ಹೊಸದೇ ಅಲ್ಲ. ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆ, ಅಜ್ಜಿ ಹೇಳುವ ಒಗಟು ಎಲ್ಲವೂ ಇವೆ. ಒಂದೇ ವ್ಯತ್ಯಾಸ, ಕನ್ನಡದ ಚೌಕದಲ್ಲಿ ಕೂರೋದು ಇಡೀ ಅಕ್ಷರ, ಗುಣಿತ ಒತ್ತು ಎಲ್ಲ ಸೇರಿಸಿ. ಹಾಗಾಗಿ ಇಂಗ್ಲಿಷಿನ ಹಾಗೆ ಅಕ್ಷರ ಕಲಸಿ ಇನ್ನೊಂದು ಪದ ಮಾಡೋದು ಕಷ್ಟ. ಆದರೆ ಕನ್ನಡದ ಸುಳಿವನ್ನು ಕಿವಿಯಲ್ಲೇ ಬಿಡಿಸಬಹುದು, ಕಣ್ಣು ಬೇಕಿಲ್ಲ. ಇದು ನನಗೆ ಯಾಕೆ ಮುಖ್ಯವಾಯಿತು ಅಂತ ಮುಂದೆ ಹೇಳ್ತೀನಿ.

ಅದಕ್ಕೆ ಮುಂಚೆ ಇನ್ನೊಬ್ಬರ ವಿಷಯ. ‘ಗಾರ್ಡಿಯನ್’ ಪತ್ರಿಕೆಗೆ 1958ರಿಂದ ಕ್ರಾಸ್‌ವರ್ಡ್ ಕಟ್ಟಿದ ಜಾನ್ ಗ್ರಹಾಂ ಒಬ್ಬ ಪಾದ್ರಿ. ಕಾವ್ಯನಾಮ ‘ಅರಕೇರಿಯಾ’, ಇಂಗ್ಲಿಷಿನಲ್ಲಿ ‘ಮಂಕಿ ಪಝಲ್’ ಅಂತ ಕರೆಯುವ ಮರದ ಹೆಸರು. ವಿಚ್ಛೇದನವಾದ ಮೇಲೆ ಚರ್ಚಿನ ಕೆಲಸ ಹೋಗಿ, ಕ್ರಾಸ್‌ವರ್ಡೇ ಅವರ ಅನ್ನವಾಯಿತು. 2013ರ ಜನವರಿ 11ರ ಪಝಲ್ ಬಿಡಿಸಲು ಕೂತವರಿಗೆ ಒಂದೊಂದೇ ಉತ್ತರ ಸಿಗುತ್ತಾ ಹೋಯಿತು: ಕ್ಯಾನ್ಸರ್. ಅನ್ನನಾಳ. ಉಪಶಮನ ಚಿಕಿತ್ಸೆ. 91 ವರ್ಷದ ಅರಕೇರಿಯಾ ತಮ್ಮ ಕಾಯಿಲೆಯನ್ನು ಓದುಗರಿಗೆ ಹೇಳಿಕೊಂಡಿದ್ದು ಹೀಗೆ. ಸುದ್ದಿ ತಿಳಿಯಬೇಕಾದರೆ ಬಿಡಿಸಲೇಬೇಕಿತ್ತು. ಅವರ ಜೊತೆ ಅಷ್ಟು ವರ್ಷ ಆಡಿದವರು, ಅವರ ಕೈ ಹಿಡಿದುಕೊಂಡ ಹಾಗೆ, ಚೌಕದಿಂದ ಚೌಕಕ್ಕೆ ನಡೆದು ಆ ಪದದ ಮುಂದೆ ನಿಂತರು. ಆ ವರ್ಷ ನವೆಂಬರಿನಲ್ಲಿ ಅವರು ತೀರಿಕೊಂಡರು. ಅಲ್ಲಿಯವರೆಗೂ ಪಝಲ್ ಕಟ್ಟೋದು ಬಿಡಲಿಲ್ಲ.

ನಮ್ಮ ಮೇಷ್ಟ್ರಿಗೆ ಈಗ 82. ಎರಡು ವರ್ಷದಿಂದ ಕಣ್ಣಿನ ನಡುಭಾಗ ಮಸುಕು. ಬಾಗಿಲು ಕಾಣುತ್ತೆ, ಬಂದವರ ಆಕಾರ ಕಾಣುತ್ತೆ, ಅಕ್ಷರ ಕಾಣಲ್ಲ. ಹಾಗಾಗಿ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಮೆಟ್ರೋದಲ್ಲಿ ನಿಂತುಕೊಂಡೇ ಫೋನಿನಲ್ಲಿ ಸುಳಿವು ಓದುತ್ತೇನೆ. ಇಡೀ ಚೌಕವನ್ನು ಅವರು ತಲೆಯಲ್ಲೇ ಇಟ್ಟುಕೊಂಡಿರುತ್ತಾರೆ. ಒಂದು ದಿನ ಅವರು ತುಂಬಾ ಹೊತ್ತು ತಡವರಿಸಿದರು. ಪಾಪ ಅನ್ನಿಸಿತು. ಉತ್ತರ ಹೇಳಿಬಿಟ್ಟೆ.

ಆ ಕಡೆ ಸದ್ದಿಲ್ಲ. ಆಮೇಲೆ, ‘ಕಣ್ಣು ಹೋಗಿರೋದು ಕಣಯ್ಯಾ, ತಲೆ ಅಲ್ಲ. ಉತ್ತರ ಬೇಡ, ದಾರಿ ಹೇಳು’ ಅಂದರು.

ಅವತ್ತು ಇಡೀ ದಿನ ಆಫೀಸಿನಲ್ಲಿ ಕೆಲಸ ಓಡಲಿಲ್ಲ. ಕರುಣೆ ಅಂದುಕೊಂಡು ನಾನು ಮಾಡಿದ್ದು, ಉಂಡೆಲೆಯಲ್ಲಿ ಬಡಿಸುವ ಕೆಲಸ. ಅವರು ನನಗೆ ಒಂದು ದಿನವೂ ಅದನ್ನು ಮಾಡಿರಲಿಲ್ಲ.

ಪ್ರಾಯಶ್ಚಿತ್ತಕ್ಕೆ ಅಂತ ವಾರಕ್ಕೊಂದು ಕನ್ನಡ ಸುಳಿವು ಕಟ್ಟಿ ಅವರಿಗೆ ಹೇಳಲು ಶುರು ಮಾಡಿದೆ. ಮೊದಲನೆಯದು, ‘ಹಸ್ತದ ಪಕ್ಕ ವೃಕ್ಷ, ದಾರಿ ತೋರಿಸುತ್ತೆ (3)’. ಅರೆಕ್ಷಣದಲ್ಲಿ ‘ಕೈಮರ’ ಅಂದರು. ‘ಕೈಮರದಲ್ಲಿ ಕೈಯೂ ಇದೆ, ಮರವೂ ಇದೆ. ನೀನು ಏನು ಬಚ್ಚಿಟ್ಟೆ ಅಂತ?’ ಫೇಲು. ನಾಲ್ಕು ವಾರ ಫೇಲಾದೆ.

ಐದನೆಯದು: ‘ರಾಮನ ಗರಡಿಯೊಳಗೊಂದು ಪಟ್ಟಣ (3)’. ಎರಡು ಸಲ ಓದಿಸಿಕೊಂಡರು. ‘ಫೋನಿಡು’ ಅಂದರು. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಅವರದೇ ಫೋನ್.

‘ರಾತ್ರಿಯೆಲ್ಲ ರಾಮನಗರಕ್ಕೆ ಹೋಗಿ ಹೋಗಿ ಬಂದೆನಲ್ಲಯ್ಯಾ! ಅಕ್ಷರ ಎಣಿಸಿದರೆ ಐದು! ಈಗ ಸಿಕ್ತು. ಇವಳು ಪಕ್ಕದಲ್ಲಿ ಕೂತು ಏನು ಏನು ಅಂತ ಕೇಳ್ತಿದಾಳೆ. ಹೇಳಿಲ್ಲ.’

ನಾನೂ ನಿಮಗೆ ಹೇಳಲ್ಲ. ಒಂದು ದಾರಿ ಬೇಕಿದ್ದರೆ ಹೇಳ್ತೀನಿ: ‘ಒಳಗೆ’ ಅನ್ನೋ ಪದ ಯಾಕೆ ಅಲ್ಲಿದೆ, ನೋಡಿ.