ಹೊನ್ನಾವರದ ಗಾಳಿ ಮತ್ತು 13 ಪಾಠಶಾಲೆಗಳು

ರಜೆ ಬಂತೆಂದರೆ ಬೆಳಗಾವಿಯ ನೆಹರು ನಗರದ ನಮ್ಮ ಮನೆಗಳಲ್ಲಿ ಮಕ್ಕಳದ್ದು ಒಂದೇ ಬೇಡಿಕೆ: ಸಮುದ್ರ ನೋಡಬೇಕು. ಖಾನಾಪುರವನ್ನು ದಾಟಿ, ಹಳಿಯಾಳ, ಯಲ್ಲಾಪುರಗಳ ಕಾಡುದಾರಿ ಹಿಡಿದು, ಅರಬೈಲು ಘಟ್ಟವನ್ನಿಳಿದರೆ ಅಂಕೋಲಾ. ಅಲ್ಲಿಂದ ದಕ್ಷಿಣಕ್ಕೆ ಕುಮಟಾ, ಹೊನ್ನಾವರ. ಶರಾವತಿಯು ಅರಬ್ಬಿ ಸಮುದ್ರವನ್ನು ಸೇರುವ ಅಳಿವೆಯಲ್ಲಿ ದೋಣಿವಿಹಾರವಿದೆ, ಕಾಂಡ್ಲಾ ಕಾಡಿನ ನಡುವೆ ಹಲಗೆಯ ಹಾದಿಯಿದೆ, 2020ರಲ್ಲಿ ಬ್ಲೂ ಫ್ಲಾಗ್ ಮನ್ನಣೆ ಪಡೆದ ಕಾಸರಕೋಡು ಕಡಲತೀರವಿದೆ. ಜಲಕ್ರೀಡೆಗಾಗಿ ಹಲವರು ಇನ್ನೂ ಮುಂದೆ ಮುರ್ಡೇಶ್ವರಕ್ಕೆ ಹೋಗುತ್ತಾರೆ. ನಾವೂ ಮಕ್ಕಳೊಡನೆ ಹೋದೆವು, ದೋಣಿಯೇರಿದೆವು, ಗಾಳಿಗೆ ಮುಖವೊಡ್ಡಿ ನಿಂತೆವು. ಆದರೆ ಈ ಗಾಳಿಗೆ ಒಂದು ಇತಿಹಾಸವಿದೆಯೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ಇಂದು ನಮಗೆ ವಿಹಾರದ ಸುಖವಾಗಿರುವ ಈ ಗಾಳಿಯು ಒಂದು ಕಾಲದಲ್ಲಿ ಕರಾವಳಿಯ ಅನ್ನವಾಗಿತ್ತು. ನೈಋತ್ಯದ ಗಾಳಿಯು ಅರಬ್ ನಾವಿಕರನ್ನು ಈ ದಡಕ್ಕೆ ತರುತ್ತಿತ್ತು. ಚಳಿಗಾಲದ ಈಶಾನ್ಯ ಗಾಳಿಯು ಕರಿಮೆಣಸು ತುಂಬಿದ ಅವರ ಹಡಗುಗಳನ್ನು ಮರಳಿ ಒಯ್ಯುತ್ತಿತ್ತು. ನಮ್ಮ ಮನೆಗಳಲ್ಲಿ ಹವೆಗೆ ‘ಮೌಸಮ್’ ಎನ್ನುತ್ತೇವೆ. ಋತು ಎಂಬ ಅರ್ಥದ ಅದೇ ಅರಬಿ ಪದದಿಂದ ‘ಮಾನ್ಸೂನ್’ ಹುಟ್ಟಿತು. ಹೀಗೆ ಗಾಳಿಯನ್ನು ನಂಬಿ ಬಂದವರು ಮುಂದಿನ ಗಾಳಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. ಕಾಯುತ್ತ ಕೆಲವರು ಇಲ್ಲಿಯೇ ನೆಲೆಸಿದರು, ಮಸೀದಿಗಳನ್ನು ಕಟ್ಟಿದರು.

14ನೆಯ ಶತಮಾನದ ನಲವತ್ತರ ದಶಕದಲ್ಲಿ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತಾ ಈ ಊರಿಗೆ ಬಂದರು. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಅವರನ್ನು ಚೀನಾದ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಕಳುಹಿಸಿದ್ದನು. ಅವರು ‘ಹಿನೌರ್’ ಎಂದು ಬರೆದದ್ದು ನಮ್ಮ ಹೊನ್ನಾವರವನ್ನು. ಆಗ ಇಲ್ಲಿ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್ ಆಳುತ್ತಿದ್ದರು. ಅವರು ಹರ್ಯಬ್ ಎಂಬ ಹಿಂದೂ ಅರಸನಿಗೆ ಅಧೀನರಾಗಿದ್ದರು. ಆ ಅರಸನು ವಿಜಯನಗರದ ಹರಿಹರನೆಂದು ಹಲವು ಇತಿಹಾಸಕಾರರ ಅಭಿಪ್ರಾಯ. ಜಮಾಲುದ್ದೀನರು ಬೆಳಕು ಹರಿಯುವ ಮೊದಲೇ ಮಸೀದಿಗೆ ಬಂದು ಕುರ್‌ಆನ್ ಪಾರಾಯಣ ಮಾಡುತ್ತಿದ್ದರೆಂದು ಪ್ರವಾಸಿ ದಾಖಲಿಸಿದ್ದಾರೆ. ಊರಿನವರು ಶಾಫಿಈ ಮದ್ಹಬಿನವರು, ಧರ್ಮನಿಷ್ಠರು. ಬೇಸಾಯವಿಲ್ಲ, ಸಮುದ್ರವೇ ಜೀವನೋಪಾಯ. ಅನ್ನವೇ ಮುಖ್ಯ ಆಹಾರವಾಗಿದ್ದರಿಂದ, ಮತ್ತೊಮ್ಮೆ ಬಂದು 11 ತಿಂಗಳು ತಂಗಿದ್ದಾಗ ಅವರಿಗೆ ರೊಟ್ಟಿಯೇ ಸಿಗಲಿಲ್ಲವಂತೆ!

ಅವರು ಮತ್ತೆ ಬರುವಂತಾದದ್ದೂ ಗಾಳಿಯಿಂದಲೇ. ಕಲ್ಲಿಕೋಟೆಯಲ್ಲಿ ಚೀನಾಕ್ಕೆ ಹೊರಟಿದ್ದಾಗ ಶುಕ್ರವಾರದ ಜುಮಾ ನಮಾಝಿಗಾಗಿ ಅವರು ದಡದಲ್ಲಿ ಉಳಿದರು. ಆಗ ಎದ್ದ ಬಿರುಗಾಳಿಗೆ ಚಕ್ರವರ್ತಿಯ ಕಾಣಿಕೆಗಳನ್ನು ಹೊತ್ತ ಹಡಗು ಒಡೆದುಹೋಯಿತು. ಅವರ ಸ್ವಂತ ಸಾಮಾನಿದ್ದ ಹಡಗು ಅವರನ್ನು ಬಿಟ್ಟು ಹೊರಟುಹೋಯಿತು. ಬರಿಗೈಯವರಾಗಿ ಅವರು ಮರಳಿ ಬಂದದ್ದು ಹೊನ್ನಾವರಕ್ಕೆ. ಗಾಳಿಯನ್ನೂ ಅದರಿಂದ ಸಾಗುವ ಹಡಗುಗಳನ್ನೂ ಕುರ್‌ಆನ್ ಅಲ್ಲಾಹನ ನಿದರ್ಶನಗಳೆಂದು ಏಕೆ ನೆನಪಿಸುತ್ತದೆಂಬುದು ಇಂತಹ ಘಟನೆಗಳಿಂದ ಮನದಟ್ಟಾಗುತ್ತದೆ.

ಆದರೆ ನಾವು ಈ ಲೇಖನ ಬರೆಯಲು ಕಾರಣವಾದ ಸಂಗತಿ ಬೇರೆ. ಹೊನ್ನಾವರದ ಹೆಣ್ಣುಮಕ್ಕಳು ಹೊಲಿಗೆಯಿಲ್ಲದ ಬಟ್ಟೆಯ ಒಂದು ತುದಿಯನ್ನು ನಡುವಿಗೆ ಸುತ್ತಿ, ಉಳಿದುದನ್ನು ತಲೆ ಮತ್ತು ಎದೆಯ ಮೇಲೆ ಹೊದೆಯುತ್ತಿದ್ದರು, ಮೂಗಿಗೆ ಚಿನ್ನದ ನತ್ತು ಧರಿಸುತ್ತಿದ್ದರು ಎಂದು ವರ್ಣಿಸಿದ ಇಬ್ನ್ ಬತೂತಾ ಇನ್ನೊಂದು ಮಾತನ್ನು ಸೇರಿಸುತ್ತಾರೆ: ಅವರೆಲ್ಲರೂ ಕುರ್‌ಆನನ್ನು ಕಂಠಪಾಠ ಮಾಡಿದವರು. ಊರಿನಲ್ಲಿ ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದರೆ ಹೆಣ್ಣುಮಕ್ಕಳಿಗೆ 13 ಇದ್ದವು. ಮಕ್ಕಾ, ದಮಾಸ್ಕಸ್, ದಿಲ್ಲಿಗಳನ್ನು ಕಂಡಿದ್ದ ಆ ಮನುಷ್ಯ, ಇಂತಹದನ್ನು ತಾನು ಬೇರೆಲ್ಲಿಯೂ ನೋಡಿಲ್ಲವೆನ್ನುತ್ತಾರೆ. ಅವರ ಪ್ರವಾಸಕಥನವು 1355ರಲ್ಲಿ ಫೆಝ್ ನಗರದಲ್ಲಿ ಪೂರ್ಣಗೊಂಡಿತು. ಕನ್ನಡ ನಾಡಿನ ಈ ಹೆಣ್ಣುಮಕ್ಕಳ ಕೀರ್ತಿಯು ಹಾಗೆ ಜಗತ್ತಿನ ದಾಖಲೆಗೆ ಸೇರಿತು.

ಆ ಹೊನ್ನಾವರವನ್ನು ಆದರ್ಶ ರಾಜ್ಯವೆಂದು ಬಣ್ಣಿಸುವುದು ನಮ್ಮ ಉದ್ದೇಶವಲ್ಲ. ಅರಮನೆಯಲ್ಲಿ ಊಟ ಬಡಿಸುತ್ತಿದ್ದವಳು ದಾಸಿಯೆಂಬುದನ್ನೂ, ಜಮಾಲುದ್ದೀನರು 52 ಹಡಗುಗಳೊಂದಿಗೆ ಗೋವೆಯ ಮೇಲೆ ದಂಡೆತ್ತಿ ಹೋದುದನ್ನೂ, ತಾನೇ ಅದರಲ್ಲಿ ಪಾಲ್ಗೊಂಡುದನ್ನೂ ಇಬ್ನ್ ಬತೂತಾ ಮರೆಮಾಚದೆ ಬರೆದಿದ್ದಾರೆ. ಮುಂದೆ 1505ರಲ್ಲಿ ಪೋರ್ಚುಗೀಸರು ಹೊನ್ನಾವರದ ಮೇಲೆ ದಾಳಿ ಮಾಡಿ ಬೆಂಕಿಯಿಟ್ಟರು. ಸಮುದ್ರದ ವ್ಯಾಪಾರದ ಹಾದಿಗಳು ಬೇರೆಯವರ ಕೈಸೇರಿದವು. ಬಂದರಿನ ಹಳೆಯ ವೈಭವ ಅಳಿಯಿತು.

ಅಳಿಯದೆ ಉಳಿದದ್ದೂ ಇದೆ. ಕರಾವಳಿಯ ಮಸೀದಿಯೊಂದರಲ್ಲಿ ಫಜ್ರ್ ನಮಾಝಿನ ಎರಡನೆಯ ರಕಅತ್‌ನಲ್ಲಿ ಇಮಾಮರು ಕುನೂತ್ ಓದಿದಾಗ ಹನಫಿಗಳಾದ ನಮ್ಮ ಮಕ್ಕಳು ಬೆರಗಾದರು. ಅದು ಶಾಫಿಈ ಪದ್ಧತಿಯೆಂದೂ, ಇಬ್ನ್ ಬತೂತಾ ಕಂಡ ಜನರೂ ಇದೇ ಮದ್ಹಬಿನವರೆಂದೂ ತಿಳಿಸಿದೆವು.

ಸಂಜೆ ಅಳಿವೆಯ ದಂಡೆಯಲ್ಲಿ ಕುಳಿತು 13 ಪಾಠಶಾಲೆಗಳ ಕಥೆ ಹೇಳಿದೆವು. ಎಸ್ಸೆಸ್ಸೆಲ್ಸಿ ಮುಗಿಸಿದ್ದ ನಮ್ಮ ಅಣ್ಣನ ಮಗಳು ಸುಮ್ಮನೆ ಕೇಳುತ್ತಿದ್ದಳು. ಮನೆಯಲ್ಲಿ ಅವಳ ಓದು ಸಾಕೆಂಬ ಮಾತು ಆಗಲೇ ಹೊರಟಿತ್ತು. ಕಥೆ ಮುಗಿದ ಮೇಲೆ ಅವಳು, “ಚಾಚಾ, ಆಗಲೇ ಅಷ್ಟು ಶಾಲೆಗಳಿದ್ದವು ಅಂದರೆ, ಈಗ ನನ್ನ ಓದು ಯಾಕೆ ಬೇಡ?” ಎಂದಳು. ನಮ್ಮ ಅಣ್ಣ ಪಕ್ಕದಲ್ಲಿಯೇ ಇದ್ದರು. ಯಾರೂ ಉತ್ತರಿಸಲಿಲ್ಲ.

ನೆಹರು ನಗರಕ್ಕೆ ಓದಲೆಂದು ದೂರದೂರುಗಳ ಮಕ್ಕಳು ಬರುತ್ತಾರೆ. ಅದೇ ಬಡಾವಣೆಯಲ್ಲಿರುವ ನಾವು ನಮ್ಮ ಹೆಣ್ಣುಮಕ್ಕಳ ಪುಸ್ತಕವನ್ನು ಮುಚ್ಚಿಸುತ್ತೇವೆ. ಕೇಳಿದರೆ ಧರ್ಮದ ಹೆಸರು ಹೇಳುತ್ತೇವೆ. ಧರ್ಮನಿಷ್ಠೆಗೆ ಹೆಸರಾಗಿದ್ದ ಆ ಊರೇ ಹೆಣ್ಣುಮಕ್ಕಳಿಗಾಗಿ 13 ಪಾಠಶಾಲೆಗಳನ್ನು ನಡೆಸಿತ್ತು.

ಮರಳುವ ದಾರಿಯಲ್ಲಿ, ಘಟ್ಟವನ್ನೇರುವಾಗ, ಅಣ್ಣ ಮಗಳನ್ನು ಕೇಳಿದರು: “ಪಿಯುಸಿಗೆ ಸೈನ್ಸೋ, ಕಾಮರ್ಸೋ?”

ಮುಂದಿನ ರಜೆಯಲ್ಲಿ ಹೊನ್ನಾವರಕ್ಕೆ ಹೋಗುವ ಕುಟುಂಬಗಳು ದೋಣಿವಿಹಾರ ಮಾಡಲಿ, ಮಕ್ಕಳು ಮನಸಾರೆ ಆಡಲಿ. ಅದರೊಂದಿಗೆ ಈ ಕಥೆಯನ್ನೂ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳ ತಂದೆಯರಿಗೆ, ಹೇಳೋಣ. ಪೂರ್ವಿಕರ ಹಿರಿಮೆಯನ್ನು ಹೊಗಳುವುದರ ಜೊತೆಗೆ ಅದನ್ನು ಬಾಳಿ ತೋರಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ.